ನೇರ ದಾರಿಯೇ ಬೇಗದ ದಾರಿಯಲ್ಲ: ಹಾಯಿದೋಣಿ ಪಂದ್ಯವೂ ಕಡೂರು ಸೀಮೆಯ ಗಾಳಿಯೂ

ಜುಲೈ ತಿಂಗಳ ಒಂದು ಮಧ್ಯಾಹ್ನ ಕಡೂರಿನ ಬಯಲಿನಲ್ಲಿ ನಿಂತು ನೋಡಿ. ಪಶ್ಚಿಮದಿಂದ ಬೀಸುವ ಗಾಳಿಗೆ ತೆಂಗಿನ ಗರಿಗಳೆಲ್ಲ ಪೂರ್ವಕ್ಕೆ ಬಾಗಿರುತ್ತವೆ. ಮೋಡಗಳು ತಲೆಯ ಮೇಲೆ ಅವಸರದಿಂದ ಓಡುತ್ತಿರುತ್ತವೆ. ಮಳೆ ಮಾತ್ರ ನಾಲ್ಕು ಹನಿ. ಅದೇ ಹೊತ್ತಿನಲ್ಲಿ ತರೀಕೆರೆಗೆ ದಕ್ಷಿಣದಲ್ಲಿರುವ ಕೆಮ್ಮಣ್ಣುಗುಂಡಿಯ ಬೆಟ್ಟಗಳಲ್ಲಿ ಜಡಿಮಳೆ ಸುರಿಯುತ್ತಿರುತ್ತದೆ. ತರೀಕೆರೆಯಿಂದ ಪೂರ್ವಕ್ಕೆ ಸುಮಾರು 20 ಕಿ.ಮೀ. ದೂರದ ಅಜ್ಜಂಪುರದಲ್ಲಿ ರೈತರು ಬಿತ್ತನೆ ಮಾಡುವುದೋ ಇನ್ನೂ ಕಾಯುವುದೋ ಎಂದು ಆಕಾಶ ನೋಡುತ್ತಿರುತ್ತಾರೆ.

ಈ ಗಾಳಿ ಸುಮಾರು 140 ಕಿ.ಮೀ. ದೂರದ ಅರಬ್ಬೀ ಸಮುದ್ರದಿಂದ ಬಂದದ್ದು. ಅದರ ದಿಕ್ಕು, ವೇಗ, ಬದಲಾಗುವ ಹೊತ್ತು ಇವನ್ನು ಅರಿಯಲು ರೈತನಷ್ಟೇ ತವಕಪಡುವ ಇನ್ನೊಬ್ಬನಿದ್ದಾನೆ. ಅವನೇ ದೂರಸಾಗರದ ಹಾಯಿದೋಣಿ ಪಂದ್ಯದ ನಾವಿಕ. ಎಂಜಿನ್ನಿನ ನೆರವಿಲ್ಲದೆ ನೂರಾರು, ಕೆಲವೊಮ್ಮೆ ಸಾವಿರಾರು ಮೈಲಿ ಸಾಗಬೇಕಾದ ಈತನಿಗೆ ಗಾಳಿಯೇ ಇಂಧನ, ಗಾಳಿಯೇ ಅಡ್ಡಿ, ಕೆಲವೊಮ್ಮೆ ಗಾಳಿಯೇ ಅಪಾಯ. ಹವೆಯ ಬದಲಾವಣೆ ಇಂತಹ ಪಂದ್ಯವನ್ನು ಹೇಗೆ ರೂಪಿಸುತ್ತದೆ? ಕಡಲನ್ನೇ ಕಾಣದ ಊರಿನ ವಿದ್ಯಾರ್ಥಿಗಳಿಗೆ ಇದರಿಂದ ಏನು ತಿಳಿಯುತ್ತದೆ? ನಮ್ಮ ಕರಾವಳಿಯ ಪಕ್ಕದಲ್ಲೇ ನಡೆದ ಒಂದು ಪಂದ್ಯದಿಂದ ಆರಂಭಿಸೋಣ.

ಕೊಚ್ಚಿಯಿಂದ ಗೋವೆಗೆ

2022ರ ಮಾರ್ಚ್ 13ರಿಂದ 18ರವರೆಗೆ ಭಾರತೀಯ ನೌಕಾಪಡೆಯು ಕೊಚ್ಚಿಯಿಂದ ಗೋವೆಗೆ ಹಾಯಿದೋಣಿಗಳ ಪಂದ್ಯವೊಂದನ್ನು ನಡೆಸಿತು. ಪ್ರಪಂಚ ಪರ್ಯಟನೆಗೆ ಹೆಸರಾದ ಮಾದೇಯಿ ಮತ್ತು ತಾರಿಣಿ ಸೇರಿ ಆರು ದೋಣಿಗಳು ಪಾಲ್ಗೊಂಡಿದ್ದವು. ದಾರಿಯ ಉದ್ದ ಸುಮಾರು 360 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.; ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗಕ್ಕೆ ಒಂದು ನಾಟ್ ಎಂದು ಹೆಸರು. ಭೂಪಟ ತೆರೆದು ಕೊಚ್ಚಿಯಿಂದ ಗೋವೆಗೆ ಒಂದು ಗೆರೆ ಎಳೆಯಿರಿ. ಮಂಗಳೂರು, ಮಲ್ಪೆ, ಭಟ್ಕಳ, ಕಾರವಾರ ಎಲ್ಲವೂ ಆ ಗೆರೆಯ ಹತ್ತಿರವೇ ಬರುತ್ತವೆ. ಅಂದರೆ ಕರ್ನಾಟಕದ ಇಡೀ ಕರಾವಳಿ ಈ ಪಂದ್ಯದ ದಾರಿಯ ಪಕ್ಕದಲ್ಲಿದೆ.

ಈಗ ಒಂದು ಸಣ್ಣ ಲೆಕ್ಕ. 360 ಮೈಲಿಗೆ ಐದು ದಿನ, ಅಂದರೆ 120 ಗಂಟೆ ಹಿಡಿಯುವುದಾದರೆ ಸರಾಸರಿ ವೇಗ 3 ನಾಟ್, ಗಂಟೆಗೆ ಸುಮಾರು 5.6 ಕಿ.ಮೀ. ಇದು ಬಿರುಸಾಗಿ ನಡೆಯುವ ಮನುಷ್ಯನ ವೇಗ! ಒಳ್ಳೆಯ ಗಾಳಿ ಸಿಕ್ಕರೆ ಇಂತಹ ದೋಣಿಗಳು 7-8 ನಾಟ್ ವೇಗದಲ್ಲಿ ಓಡಬಲ್ಲವು. ಹೀಗಿದ್ದೂ ಈ ದಾರಿಗೆ ಐದು ದಿನದ ಅವಧಿ ಬೇಕಾಗುವುದೇಕೆ? ಉತ್ತರ ಗಾಳಿಯ ದಿಕ್ಕಿನಲ್ಲಿದೆ.

ಎದುರುಗಾಳಿಯಲ್ಲಿ ಸಾಗುವುದು ಹೇಗೆ?

ಗಾಳಿ ಹಿಂದಿನಿಂದ ತಳ್ಳಿದಾಗ ಮಾತ್ರ ಹಾಯಿದೋಣಿ ಚಲಿಸುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಬಾಗಿದ ಹಾಯಿ ವಿಮಾನದ ರೆಕ್ಕೆಯಂತೆ ವರ್ತಿಸುತ್ತದೆ. ಅದರ ಎರಡು ಮೈಗಳ ಮೇಲಿನ ಒತ್ತಡಗಳ ವ್ಯತ್ಯಾಸದಿಂದ ಹಾಯಿಗೆ ಹೆಚ್ಚುಕಡಿಮೆ ಲಂಬವಾದ ಬಲವೊಂದು ಹುಟ್ಟುತ್ತದೆ. ಈ ಬಲದ ಒಂದು ಘಟಕ ದೋಣಿಯನ್ನು ಮುಂದಕ್ಕೂ ಇನ್ನೊಂದು ದೊಡ್ಡ ಘಟಕ ಪಕ್ಕಕ್ಕೂ ಒತ್ತುತ್ತದೆ. ದೋಣಿಯ ತಳದಲ್ಲಿ ನೀರಿನೊಳಕ್ಕೆ ಇಳಿದಿರುವ ಭಾರವಾದ ಹಲಗೆಯಂತಹ ಭಾಗ, ಅಂದರೆ ಕೀಲ್, ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಉಳಿಯುವುದು ಮುಂದಿನ ಚಲನೆ. ಒದ್ದೆಯಾದ ಹುಣಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುವುದಿಲ್ಲವೇ? ಗಾಳಿ ಮತ್ತು ನೀರು ಇಲ್ಲಿ ಆ ಎರಡು ಬೆರಳುಗಳು.

ಆದರೆ ಇದಕ್ಕೂ ಮಿತಿ ಇದೆ. ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿಗಿಂತ ಹತ್ತಿರಕ್ಕೆ ತಿರುಗಿಸಿದರೆ ಹಾಯಿ ಪಟಪಟನೆ ಬಡಿದುಕೊಳ್ಳುತ್ತದೆಯೇ ಹೊರತು ಬಲ ಹುಟ್ಟುವುದಿಲ್ಲ. ಗುರಿ ಗಾಳಿಯ ಕಡೆಗೇ ಇದ್ದರೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹೊರಳುತ್ತ ಅಂಕುಡೊಂಕಾಗಿ ಸಾಗಬೇಕು. ಗಾಳಿ ಸರಿಯಾಗಿ ಎದುರಿನಿಂದ ಬಂದರೆ 100 ಮೈಲಿಯ ದಾರಿ ಹೀಗೆ 141 ಮೈಲಿಯಾಗುತ್ತದೆ. ಇದು 100ರ √2 ಪಟ್ಟು ಎಂಬುದನ್ನು ವಿದ್ಯಾರ್ಥಿಗಳು ಸುಲಭವಾಗಿ ಕಂಡುಕೊಳ್ಳಬಹುದು.

ಮಾರ್ಚ್ ತಿಂಗಳ ದಿನಚರಿ

ದಿಕ್ಕುಗಳನ್ನು ಉತ್ತರದಿಂದ ಗಡಿಯಾರದ ಮುಳ್ಳು ಚಲಿಸುವಂತೆ ಡಿಗ್ರಿಗಳಲ್ಲಿ ಅಳೆಯೋಣ: ಪೂರ್ವ 90, ದಕ್ಷಿಣ 180, ಪಶ್ಚಿಮ 270. ಕೊಚ್ಚಿಯಿಂದ ಗೋವೆಯ ದಿಕ್ಕು ಸುಮಾರು 336 ಡಿಗ್ರಿ, ಅಂದರೆ ಉತ್ತರಕ್ಕಿಂತ ತುಸು ಎಡಕ್ಕೆ. ಇನ್ನು ಗಾಳಿಯನ್ನು ಅದು ಬರುವ ದಿಕ್ಕಿನಿಂದ ಹೆಸರಿಸುವುದು ವಾಡಿಕೆ ಎಂಬುದನ್ನು ಮರೆಯಬೇಡಿ. ಪಶ್ಚಿಮದ ಗಾಳಿ ಎಂದರೆ ಪಶ್ಚಿಮದಿಂದ ಬರುವ ಗಾಳಿ.

ಮಾರ್ಚ್‌ನಲ್ಲಿ ಈಶಾನ್ಯ ಮಾರುತಗಳ ಕಾಲ ಮುಗಿದಿರುತ್ತದೆ, ನೈಋತ್ಯ ಮುಂಗಾರು ಇನ್ನೂ ದೂರ. ದೊಡ್ಡ ಪ್ರಮಾಣದ ಒತ್ತಡದ ವ್ಯತ್ಯಾಸಗಳು ದುರ್ಬಲವಾಗಿರುವುದರಿಂದ ಕರಾವಳಿಯಲ್ಲಿ ಕಡಲಗಾಳಿ ಮತ್ತು ನೆಲಗಾಳಿಗಳ ಆಟ ಎದ್ದು ಕಾಣುತ್ತದೆ. ನೀರಿನ ವಿಶಿಷ್ಟೋಷ್ಣ ಹೆಚ್ಚು. ಜೊತೆಗೆ ಸೂರ್ಯನ ಶಾಖ ನೀರಿನೊಳಕ್ಕೆ ಆಳದವರೆಗೆ ಹಂಚಿಹೋಗುತ್ತದೆ. ಆದ್ದರಿಂದ ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ಕಾಯುವುದಿಲ್ಲ. ನೆಲದ ಮೇಲಿನ ಬಿಸಿಗಾಳಿ ಏರಿ, ಮೇಲ್ಮೈಯಲ್ಲಿ ಒತ್ತಡ ಕುಗ್ಗಿ, ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿಗೆ ಹರಿಯುತ್ತದೆ. ಇದು ಎಂಟನೆಯ ತರಗತಿಯ ಪಾಠ. ಆದರೆ ಪಾಠದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಮುಂಜಾನೆ ಕಳೆದು ಪಶ್ಚಿಮದಿಂದ ಶುರುವಾಗುವ ಕಡಲಗಾಳಿ ಸಂಜೆಯ ಹೊತ್ತಿಗೆ ವಾಯವ್ಯಕ್ಕೆ ತಿರುಗಿರುತ್ತದೆ.

ಏಕೆ? ತಿರುಗುವ ಭೂಮಿಯ ಮೇಲೆ ಚಲಿಸುವ ಗಾಳಿ ಉತ್ತರಾರ್ಧಗೋಳದಲ್ಲಿ ತನ್ನ ಬಲಕ್ಕೆ ಹೊರಳುತ್ತದೆ. ಇದೇ ಕೊರಿಯೊಲಿಸ್ ಪರಿಣಾಮ. ಬೇರೆ ಬಲಗಳಿಲ್ಲದಿದ್ದರೆ ಗಾಳಿಯ ದಿಕ್ಕು ಒಂದು ಪೂರ್ಣ ಸುತ್ತು ಹಾಕಲು ಹಿಡಿಯುವ ಕಾಲ ಸುಮಾರು 12 ಗಂಟೆಯನ್ನು ಅಕ್ಷಾಂಶದ ಸೈನ್‌ನಿಂದ ಭಾಗಿಸಿದಷ್ಟು. ಮಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಅದರ ಸೈನ್ 0.225. ಆದ್ದರಿಂದ ಪೂರ್ಣ ಸುತ್ತಿಗೆ 53 ಗಂಟೆ. ಆರು ಗಂಟೆಯಲ್ಲಿ ತಿರುಗುವುದು 360ರ 6/53 ಭಾಗ, ಅಂದರೆ 41 ಡಿಗ್ರಿ. ಬೆಳಿಗ್ಗೆ 270 ಡಿಗ್ರಿಯಿಂದ ಬರುತ್ತಿದ್ದ ಗಾಳಿ ಸಂಜೆ 311 ಡಿಗ್ರಿಯಿಂದ ಬರುತ್ತದೆ. ವಾಯವ್ಯ ಎಂದರೆ 315! ಘರ್ಷಣೆ, ಘಟ್ಟಗಳ ಅಡ್ಡಿ ಮುಂತಾದುವನ್ನು ಬಿಟ್ಟ ಒರಟು ಲೆಕ್ಕ ಇದು. ಆ ಕಾಲದಲ್ಲಿ ಕಡಲ ಮೇಲಿನ ಸಾಮಾನ್ಯ ಗಾಳಿಯೂ ವಾಯವ್ಯದ ಕಡೆಯದೇ ಆಗಿರುವುದು ಇದಕ್ಕೆ ಸೇರಿಕೊಳ್ಳುತ್ತದೆ.

ಇದರ ಪರಿಣಾಮವನ್ನು ದೋಣಿಯಲ್ಲಿ ಕುಳಿತು ನೋಡೋಣ. ದೋಣಿಯ ದಿಕ್ಕು 336.

ಬೆಳಿಗ್ಗೆ ಗಾಳಿ 270ರಿಂದ ಬಂದಾಗ ನಡುವಿನ ಕೋನ 66 ಡಿಗ್ರಿ. ಇದು 45ಕ್ಕಿಂತ ಹೆಚ್ಚಾದ್ದರಿಂದ ನೇರವಾಗಿ ಗೋವೆಯ ಕಡೆಗೇ ಸಾಗಬಹುದು.

ಸಂಜೆ ಗಾಳಿ 315ಕ್ಕೆ ಹೊರಳಿದಾಗ ಕೋನ ಬರೀ 21 ಡಿಗ್ರಿ. ಈಗ ಅಂಕುಡೊಂಕು ಅನಿವಾರ್ಯ. 21ರ ಕೊಸೈನನ್ನು 45ರ ಕೊಸೈನಿನಿಂದ ಭಾಗಿಸಿದರೆ 1.32, ಪ್ರತಿ 100 ಮೈಲಿಗೆ 132 ಮೈಲಿ ಓಡಬೇಕು. ದೋಣಿ 5 ನಾಟ್ ವೇಗದಲ್ಲಿದ್ದರೂ ಗುರಿಯತ್ತ ಸಾಗುವ ವೇಗ 3.8 ನಾಟ್ ಮಾತ್ರ.

ರಾತ್ರಿ ನೆಲಗಾಳಿ ಪೂರ್ವ ಅಥವಾ ಈಶಾನ್ಯದ ಕಡೆಯಿಂದ, 70 ಡಿಗ್ರಿಯಿಂದ ಎಂದುಕೊಳ್ಳಿ, ಬೀಸಿದರೆ ಕೋನ 94 ಡಿಗ್ರಿ. ದೋಣಿಗೆ ಇದು ಬಹಳ ಅನುಕೂಲದ ಕೋನ. ನೆಲಗಾಳಿ ಮೆಲುವಾದರೂ ನೇರ ದಾರಿಯಲ್ಲಿ ಓಡಿಸುತ್ತದೆ.

ಇವುಗಳ ನಡುವೆ, ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ, ಎರಡೂ ಗಾಳಿಗಳು ಸಮವಾಗಿ ಸತ್ತುಹೋಗುವ ಗಂಟೆಗಳಿವೆ. ಆಗ ದೋಣಿ ತೇಲುತ್ತ ನಿಲ್ಲುತ್ತದೆ. ಇವೆಲ್ಲವನ್ನೂ ಸೇರಿಸಿದರೆ ಸರಾಸರಿ 3 ನಾಟ್ ಏನೂ ಆಶ್ಚರ್ಯವಲ್ಲ.

ಹಾಗಾದರೆ ಜಾಣ ನಾವಿಕ ಏನು ಮಾಡುತ್ತಾನೆ? ನೆಲಗಾಳಿ ದಡದಿಂದ ದೂರ ಹೋದಂತೆ ಬಲಗುಂದುತ್ತದೆ. ಆದ್ದರಿಂದ ಸಂಜೆ ಅಂಕುಡೊಂಕಾಗಿ ಸಾಗುವಾಗಲೇ ಕತ್ತಲಾಗುವ ಹೊತ್ತಿಗೆ ದಡದ ಹತ್ತಿರ ಇರುವಂತೆ ಹೊರಳುಗಳನ್ನು ಯೋಜಿಸುತ್ತಾನೆ. ಆದರೆ ದಡದ ಹತ್ತಿರ ಮೀನುಗಾರರ ಬಲೆಗಳೂ ದೋಣಿಗಳೂ ಹೆಚ್ಚು. ಗಾಳಿಯ ಲಾಭ ಮತ್ತು ಬಲೆಗೆ ಸಿಕ್ಕಿಬೀಳುವ ಭಯ ಇವೆರಡನ್ನೂ ತೂಗಿ ನೋಡಬೇಕು. ಭೂಪಟದ ಮೇಲಿನ ನೇರ ಗೆರೆ ಅವನಿಗೆ ದಾರಿಯಲ್ಲ. ದಿನದ ಹೊತ್ತಿಗೆ ತಕ್ಕಂತೆ ಬದಲಾಗುವ ಗೆರೆಯೇ ದಾರಿ.

ಅದೇ ಕಡಲು ಜುಲೈನಲ್ಲಿ

ಇದೇ ಪಂದ್ಯವನ್ನು ಜುಲೈನಲ್ಲಿ ಏಕೆ ನಡೆಸಬಾರದು? ಮುಂಗಾರಿನಲ್ಲಿ ಆಫ್ರಿಕಾದ ಸೊಮಾಲಿಯಾ ತೀರದಿಂದ ಅರಬ್ಬೀ ಸಮುದ್ರದ ಮೇಲೆ ಗಾಳಿಯ ಒಂದು ಮಹಾಪ್ರವಾಹ ಹರಿದುಬರುತ್ತದೆ. 1960ರ ದಶಕದಲ್ಲಿ ಫಿಂಡ್ಲೇಟರ್ ಎಂಬ ವಿಜ್ಞಾನಿ ಇದನ್ನು ವಿವರವಾಗಿ ಗುರುತಿಸಿದರು. ಇದರ ತಿರುಳು ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿದೆ. ಆಗ ಕಡಲು ಎಷ್ಟು ಒರಟಾಗಿರುತ್ತದೆಂದರೆ ಮಾರ್ಚ್‌ನಲ್ಲಿ ದಿನಕ್ಕೆರಡು ಬಾರಿ ಬದಲಾಗುವ ಮೆಲುಗಾಳಿಯ ಆಟ ಪೂರಾ ಅಳಿಸಿಹೋಗುತ್ತದೆ. ಮೀನಿನ ಸಂತತಿ ಕಾಪಾಡುವ ಉದ್ದೇಶದಿಂದ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ನಿಮಗೆ ಗೊತ್ತು. ಆ ದಿನಗಳು ಕಡಲಿನ ಅತಿ ಒರಟು ದಿನಗಳೂ ಹೌದು.

ಇದೇ ಪ್ರವಾಹ ಘಟ್ಟ ಹತ್ತಿ ನಮ್ಮ ಸೀಮೆಗೆ ಬರುತ್ತದೆ. ಬಾಬಾಬುಡನ್ ಶ್ರೇಣಿಯ ಶಿಖರಗಳು, ಮುಳ್ಳಯ್ಯನಗಿರಿಯೂ ಸೇರಿ, ಸುಮಾರು 1,900 ಮೀಟರ್ ಎತ್ತರ. ಅಂದರೆ ಅವು ಈ ಪ್ರವಾಹದ ತಿರುಳಿನ ಮಟ್ಟವನ್ನೇ ಮುಟ್ಟುತ್ತವೆ. ಒಂದು ಸರಳ ಲೆಕ್ಕ ಮಾಡೋಣ. ಕಡಲ ಮಟ್ಟದಲ್ಲಿ 27 ಡಿಗ್ರಿ ಸೆಲ್ಸಿಯಸ್ ಇರುವ ತೇವಗಾಳಿ ಮೇಲೇರುತ್ತದೆ. ಮೋಡ ಕಟ್ಟುವವರೆಗೆ, 300 ಮೀಟರ್ ಎಂದುಕೊಳ್ಳಿ, ಪ್ರತಿ ಕಿ.ಮೀ.ಗೆ 10 ಡಿಗ್ರಿಯಂತೆ ತಣಿದು 24 ಡಿಗ್ರಿಯಾಗುತ್ತದೆ. ಆಮೇಲೆ ಆವಿ ಹನಿಯಾಗುವಾಗ ಹೊರಬೀಳುವ ಗುಪ್ತೋಷ್ಣದಿಂದ ತಣಿಯುವ ದರ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. 1,900 ಮೀಟರ್ ಎತ್ತರದಲ್ಲಿ ಅದು 16 ಡಿಗ್ರಿ. ದಾರಿಯಲ್ಲಿ ನೀರೆಲ್ಲ ಮಳೆಯಾಗಿ ಬಿದ್ದಿದ್ದರೆ, 760 ಮೀಟರ್ ಎತ್ತರದ ಕಡೂರಿಗೆ ಇಳಿಯುವಾಗ ಅದು ಮತ್ತೆ ಕಿ.ಮೀ.ಗೆ 10 ಡಿಗ್ರಿಯಂತೆ ಕಾದು 27 ಡಿಗ್ರಿ ದಾಟುತ್ತದೆ. ಘಟ್ಟದ ಪಶ್ಚಿಮಕ್ಕೆ ಅಷ್ಟೇ ಎತ್ತರದಲ್ಲಿ ಅದರ ಉಷ್ಣತೆ 22ಕ್ಕೆ ಹತ್ತಿರವಿತ್ತು. ಗಾಳಿ ಅದೇ, ಎತ್ತರ ಅದೇ, ಆದರೆ 5 ಡಿಗ್ರಿ ಬಿಸಿ, ಆರ್ದ್ರತೆಯಲ್ಲಿ ಬಹಳ ಒಣ. ಇದೇ ಮಳೆನೆರಳು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ ಕಡೂರಿನಲ್ಲಿ 600 ಮಿ.ಮೀ. ಆಸುಪಾಸು. ಗಾಳಿ ಮಳೆಯನ್ನು ಘಟ್ಟದಲ್ಲಿ ಬಿಟ್ಟುಬಂದರೂ ವೇಗವನ್ನು ಬಿಟ್ಟುಬರುವುದಿಲ್ಲ. ಅಜ್ಜಂಪುರದಿಂದ ಪೂರ್ವಕ್ಕೆ ಹೊಸದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಇದರಿಂದಲೇ.

ಹೈಗೆನ್ಸ್ ಕಲಿಸಿದ ದಾರಿ

ಈಗ ಇನ್ನೂ ಉದ್ದದ ಪಂದ್ಯಕ್ಕೆ ಹೋಗೋಣ. 2008-09ರ ವೋಲ್ವೊ ಸಾಗರ ಪಂದ್ಯದ ಎರಡನೆಯ ಹಂತ 2008ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಹೊರಟು ಕೊಚ್ಚಿಯಲ್ಲಿ ಮುಗಿಯಿತು. ದೂರ ಸುಮಾರು 4,450 ನಾಟಿಕಲ್ ಮೈಲಿ. ಈ ದಾರಿಯಲ್ಲಿ ಒಂದಾದ ಮೇಲೊಂದರಂತೆ ಐದು ಬಗೆಯ ಹವೆಗಳು ಎದುರಾಗುತ್ತವೆ: ದಕ್ಷಿಣದ ಬಿರುಸಾದ ಪಶ್ಚಿಮ ಮಾರುತಗಳು, ಅವುಗಳ ಉತ್ತರಕ್ಕೆ ಗಾಳಿ ಸೋಲುವ ಅಧಿಕ ಒತ್ತಡದ ಪ್ರದೇಶ, ಆಮೇಲೆ ನಂಬಿಕಸ್ಥ ಆಗ್ನೇಯ ವಾಣಿಜ್ಯ ಮಾರುತಗಳು, ಸಮಭಾಜಕದ ಬಳಿ ಗಾಳಿಯೇ ಇಲ್ಲದ ಶಾಂತವಲಯ, ಕೊನೆಗೆ ಈಶಾನ್ಯದ ಎದುರುಗಾಳಿ. ಉತ್ತರದಲ್ಲಿರುವ ಕೊಚ್ಚಿಗೆ ಹೋಗಲು ದೋಣಿಗಳು ಮೊದಲು ಪಶ್ಚಿಮ ಮಾರುತಗಳನ್ನು ಹುಡುಕಿಕೊಂಡು ದಕ್ಷಿಣ, ಪೂರ್ವಗಳ ಕಡೆಗೆ ಓಡುವುದು ಲಾಭದಾಯಕ. ದಾರಿ ಉದ್ದವಾಗುತ್ತದೆ, ಕಾಲ ಉಳಿಯುತ್ತದೆ.

ಯಾವ ದಾರಿ ಎಷ್ಟು ಲಾಭದಾಯಕ ಎಂದು ಲೆಕ್ಕ ಹಾಕುವ ವಿಧಾನ ಭೌತವಿಜ್ಞಾನದ ಶಿಕ್ಷಕರಿಗೆ ಖುಷಿ ಕೊಡುವಂಥದ್ದು. ಹೊರಟ ಜಾಗದಿಂದ ಎಲ್ಲ ದಿಕ್ಕುಗಳಿಗೂ ಆರು ಗಂಟೆ ಓಡಿದರೆ ದೋಣಿ ಎಲ್ಲೆಲ್ಲಿ ತಲಪಬಹುದು ಎಂದು ಗುರುತು ಮಾಡಿ, ಆ ಬಿಂದುಗಳನ್ನು ಸೇರಿಸಿ. ಸಿಗುವ ಗೆರೆಯೇ ಸಮಕಾಲ ರೇಖೆ. ಈ ರೇಖೆಯ ಪ್ರತಿ ಬಿಂದುವಿನಿಂದ ಮತ್ತೆ ಆರು ಗಂಟೆ ಓಡಿಸಿ. ಎಲ್ಲಕ್ಕಿಂತ ಹೊರಗಿನ ಬಿಂದುಗಳನ್ನು ಸೇರಿಸಿದರೆ ಎರಡನೆಯ ರೇಖೆ. ಬೆಳಕಿನ ಅಲೆಮೊಗದ ಪ್ರತಿ ಬಿಂದುವೂ ಹೊಸ ಅಲೆಯ ಆಕರ ಎಂದ ಹೈಗೆನ್ಸ್ ತತ್ತ್ವವೇ ಅಲ್ಲವೇ ಇದು? ಕೊನೆಯ ರೇಖೆ ಗುರಿಯನ್ನು ಮುಟ್ಟಿದಾಗ ಹಿಂದಕ್ಕೆ ಎಳೆದುಕೊಂಡು ಬಂದರೆ ಅತಿ ಕಡಿಮೆ ಕಾಲದ ದಾರಿ ಸಿಗುತ್ತದೆ. ಬೆಳಕು ಅತಿ ಕಡಿಮೆ ಕಾಲದ ದಾರಿ ಹಿಡಿಯುತ್ತದೆ ಎಂಬ ಫರ್ಮಾ ತತ್ತ್ವವನ್ನು ನೆನೆಯಿರಿ. 1957ರಲ್ಲಿ ಜೇಮ್ಸ್ ಎಂಬವರು ಹಡಗುಗಳಿಗಾಗಿ ಕೈಯಲ್ಲೇ ಗೆರೆ ಎಳೆದು ಮಾಡುವಂತೆ ವಿವರಿಸಿದ ಈ ವಿಧಾನವನ್ನು ಇಂದು ದೋಣಿಯಲ್ಲಿರುವ ಕಂಪ್ಯೂಟರು ಕೆಲವೇ ಕ್ಷಣಗಳಲ್ಲಿ ಮಾಡುತ್ತದೆ.

ಆದರೆ ಬೆಳಕಿಗೆ ಗಾಜಿನ ವಕ್ರೀಭವನಾಂಕ ಸ್ಥಿರ. ದೋಣಿಗೆ ಗಾಳಿ ಸ್ಥಿರವಲ್ಲ. ಒಂದು ಉದಾಹರಣೆ ನೋಡಿ. ನೇರ ದಾರಿ 100 ಮೈಲಿ, ಅಲ್ಲಿ ವೇಗ 5 ನಾಟ್. ಕಾಲ 20 ಗಂಟೆ. ಬಳಸು ದಾರಿ 130 ಮೈಲಿ, ಅಲ್ಲಿ ಹೊಸ ಗಾಳಿ ಬರುವ ಮುನ್ಸೂಚನೆ ಇದೆ, ವೇಗ 8 ನಾಟ್. ಕಾಲ 16 ಗಂಟೆ 15 ನಿಮಿಷ. ಬಳಸು ದಾರಿಯೇ ಮೇಲು. ಈಗ ಆ ಹೊಸ ಗಾಳಿ 6 ಗಂಟೆ ತಡವಾಯಿತೆನ್ನಿ. ಅಷ್ಟು ಹೊತ್ತು 3 ನಾಟ್‌ನಲ್ಲಿ 18 ಮೈಲಿ ತೆವಳಿ, ಉಳಿದ 112 ಮೈಲಿಯನ್ನು 8 ನಾಟ್‌ನಲ್ಲಿ 14 ಗಂಟೆಯಲ್ಲಿ ಓಡಿದರೆ ಒಟ್ಟು 20 ಗಂಟೆ. ಲಾಭವೆಲ್ಲ ಹೋಯಿತು! ಏಳು ಗಂಟೆ ತಡವಾದರೆ ನಷ್ಟ. ಲೆಕ್ಕ ಸರಿಯಿದ್ದೂ ನಿರ್ಧಾರ ತಪ್ಪಾಗಬಹುದು, ಏಕೆಂದರೆ ಮುನ್ಸೂಚನೆಯಲ್ಲೇ ಅನಿಶ್ಚಿತತೆ ಇದೆ. ಆರಂಭದ ಅಳತೆಯಲ್ಲಿನ ಸಣ್ಣ ದೋಷ ಹೇಗೆ ಬೆಳೆಯುತ್ತ ಹೋಗಿ ಮುನ್ಸೂಚನೆಯನ್ನು ಹಾಳುಗೆಡವುತ್ತದೆ ಎಂಬುದನ್ನು ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿದ್ದರು. ಆದ್ದರಿಂದ ಅನುಭವಿ ನಾವಿಕ 'ಅತ್ಯುತ್ತಮ ದಾರಿ ಯಾವುದು?' ಎಂದಷ್ಟೇ ಕೇಳುವುದಿಲ್ಲ. 'ಮುನ್ಸೂಚನೆ ತಪ್ಪಿದರೆ ಯಾವ ದಾರಿಯಲ್ಲಿ ನಷ್ಟ ಕಡಿಮೆ?' ಎಂದೂ ಕೇಳುತ್ತಾನೆ.

ಸರಾಸರಿ ಮುಚ್ಚಿಡುವ ಸತ್ಯ

ಪಂದ್ಯ ಸೋಲುವುದು ಒಂದು. ಪ್ರಾಣಕ್ಕೇ ಕುತ್ತು ಬರುವುದು ಇನ್ನೊಂದು. 1998ರ ಡಿಸೆಂಬರ್ 26ರಂದು ಆಸ್ಟ್ರೇಲಿಯದ ಸಿಡ್ನಿಯಿಂದ ಹೋಬಾರ್ಟ್‌ಗೆ 115 ದೋಣಿಗಳು ಹೊರಟವು. ದಾರಿಯಲ್ಲಿ ತೀವ್ರವಾದ ವಾಯುಭಾರ ಕುಸಿತ ಎದುರಾಯಿತು. ಗುರಿ ಮುಟ್ಟಿದ್ದು 44 ದೋಣಿಗಳು ಮಾತ್ರ. ಆರು ಮಂದಿ ಪ್ರಾಣ ಕಳೆದುಕೊಂಡರು. ಬಿರುಗಾಳಿಯ ಎಚ್ಚರಿಕೆಯನ್ನು ಹವಾಮಾನ ಇಲಾಖೆ ಕೊಟ್ಟಿತ್ತು. ನಂತರದ ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿ ಎಲ್ಲ ಶಿಕ್ಷಕರೂ ಗಮನಿಸಬೇಕಾದದ್ದು: ಮುನ್ಸೂಚನೆಯಲ್ಲಿ ಹೇಳುವ ಗಾಳಿಯ ವೇಗ ಸರಾಸರಿ ವೇಗ, ನಡುನಡುವೆ ಬರುವ ರಭಸದ ಬೀಸುಗಳು ಅದಕ್ಕಿಂತ ಶೇಕಡಾ 40ರಷ್ಟು ಹೆಚ್ಚಿರಬಹುದು ಎಂಬುದು ಹಲವು ನಾವಿಕರಿಗೆ ತಿಳಿದಿರಲಿಲ್ಲ.

ಶೇಕಡಾ 40 ಎಂದರೆ ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ ಗಾಳಿಯ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. 1.4ರ ವರ್ಗ 1.96. ಅಂದರೆ 50 ನಾಟ್ ಗಾಳಿಗೆ ಸಿದ್ಧನಾದವನ ಮೇಲೆ 70 ನಾಟ್‌ನ ಬೀಸು ಬಂದಾಗ ಹಾಯಿಯ ಮೇಲೆ ಬೀಳುವ ಬಲ ಹೆಚ್ಚುಕಡಿಮೆ ಇಮ್ಮಡಿ. ಅಲೆಗಳ ಮಾತೂ ಹೀಗೆಯೇ. ಮುನ್ಸೂಚನೆಯಲ್ಲಿ ಕೊಡುವ ಅಲೆಯ ಎತ್ತರ ಎಲ್ಲಕ್ಕಿಂತ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ಅದರ ಎರಡರಷ್ಟಕ್ಕೆ ಹತ್ತಿರವಾದ ಒಂಟಿ ಅಲೆ ಆಗೊಮ್ಮೆ ಈಗೊಮ್ಮೆ ಬರುವುದು ಸಹಜ. ದೋಣಿಯನ್ನು ಮಗುಚುವುದು ಸರಾಸರಿ ಅಲೆಯಲ್ಲ, ಆ ಒಂಟಿ ಅಲೆ.

ನಮ್ಮ ದೇಶದವರೊಬ್ಬರ ಉದಾಹರಣೆಯೂ ಇದೆ. ನೌಕಾಪಡೆಯ ಅಭಿಲಾಷ್ ಟೋಮಿ 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಲು ಹೊರಟಿದ್ದರು. ಈ ಪಂದ್ಯದಲ್ಲಿ ಆಧುನಿಕ ಉಪಕರಣಗಳಿಗೆ ಅವಕಾಶವಿಲ್ಲ. ದಾರಿಗೆ ಸೆಕ್ಸ್‌ಟೆಂಟ್, ಹವೆಗೆ ರೇಡಿಯೊ ಮತ್ತು ವಾಯುಭಾರಮಾಪಕ. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅವರ ದೋಣಿ 'ತುರೀಯ' ಉರುಳಿ, ಹಾಯಿ ಕಟ್ಟುವ ಕೂವೆಮರ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಅಲುಗಾಡಲಾರದೆ ಮಲಗಿದ್ದ ಅವರನ್ನು ಸೆಪ್ಟೆಂಬರ್ 24ರಂದು 'ಒಸಿರಿಸ್' ಎಂಬ ಫ್ರೆಂಚ್ ಹಡಗು ರಕ್ಷಿಸಿತು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಸ್ಪರ್ಧಿಯೊಬ್ಬರ ದೋಣಿಯ ಕೂವೆಮರವೂ ಮುರಿದಿತ್ತು. ಟೋಮಿ ಚೇತರಿಸಿಕೊಂಡು 2022ರ ಸೆಪ್ಟೆಂಬರ್‌ನಲ್ಲಿ ಅದೇ ಪಂದ್ಯಕ್ಕೆ ಮತ್ತೆ ಹೊರಟರು. 236 ದಿನಗಳ ಬಳಿಕ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಮುಗಿಸಿದರು. ಹೊರಟ 16 ಮಂದಿಯಲ್ಲಿ ನಿಯಮದಂತೆ ಎಲ್ಲೂ ನಿಲ್ಲದೆ ಪೂರೈಸಿದವರು ಮೂವರೇ.

ಕಡಲಿನಿಂದ ಹೊಲಕ್ಕೆ

ಈಗ ನಮ್ಮ ಮೂರು ಊರುಗಳಿಗೆ ಮರಳೋಣ. ಅಜ್ಜಂಪುರ ಕೆಲ ವರ್ಷಗಳ ಹಿಂದಿನವರೆಗೆ ತರೀಕೆರೆ ತಾಲ್ಲೂಕಿನ ಭಾಗವಾಗಿತ್ತು. ಈಗ ಪ್ರತ್ಯೇಕ ತಾಲ್ಲೂಕು. ಹಳೆಯ ತಾಲ್ಲೂಕಿನ ಸರಾಸರಿ ಮಳೆ ಎಂದರೆ ಒಂದು ತುದಿಯಲ್ಲಿ ಕೆಮ್ಮಣ್ಣುಗುಂಡಿಯ ಜಡಿಮಳೆ, ಇನ್ನೊಂದು ತುದಿಯಲ್ಲಿ ಅಜ್ಜಂಪುರದ ಒಣ ಬಯಲು ಇವೆರಡನ್ನೂ ಕೂಡಿಸಿ ಭಾಗಿಸಿದ ಸಂಖ್ಯೆ. ಆ ಸಂಖ್ಯೆಯಷ್ಟು ಮಳೆ ಎರಡೂ ಕಡೆ ಬಿದ್ದಿರಲಿಲ್ಲ! 'ತಾಲ್ಲೂಕಿನಲ್ಲಿ ವಾಡಿಕೆ ಮಳೆ' ಎಂಬ ಸುದ್ದಿ ನಂಬಿ ಬೀಜ, ಗೊಬ್ಬರಕ್ಕೆ ಸಾಲ ಮಾಡಿ ಬಿತ್ತಿದ ಬಯಲಿನ ರೈತ, 50 ನಾಟ್ ಎಂಬ ಮಾತು ನಂಬಿ 70 ನಾಟ್‌ಗೆ ಸಿಕ್ಕ ನಾವಿಕನ ಸ್ಥಿತಿಯಲ್ಲೇ ಇರುತ್ತಾನೆ. ಕಾಲದ ಸರಾಸರಿಯೂ ಹೀಗೆಯೇ ಮೋಸ ಮಾಡಬಲ್ಲದು. ತಿಂಗಳಿಗೆ 100 ಮಿ.ಮೀ. ಎಂದರೆ ಹತ್ತು ದಿನ ಹತ್ತು ಹತ್ತು ಮಿ.ಮೀ. ಇರಬಹುದು, ಒಂದೇ ಸಂಜೆ 100 ಮಿ.ಮೀ. ಸುರಿದು ಉಳಿದ ದಿನವೆಲ್ಲ ಬಿಸಿಲೂ ಇರಬಹುದು. ರಾಗಿಯ ಮೊಳಕೆಗೆ ಇವೆರಡೂ ಒಂದೇ ಅಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವುದರ ಮಹತ್ವ ಇಲ್ಲಿದೆ. ಸುದ್ದಿಯಲ್ಲಿ ಬರುವ ಸಂಖ್ಯೆ ಯಾವ ಜಾಗದ್ದು, ಎಷ್ಟು ಕಾಲದ್ದು, ಸರಾಸರಿಯೋ ಗರಿಷ್ಠವೋ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ನಮ್ಮ ಕೆಲಸ.

ಇದಕ್ಕೊಂದು ಚಟುವಟಿಕೆ ಸೂಚಿಸುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರಗಳ ಒಂದೊಂದು ಶಾಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೊತೆಗೂಡಲಿ. ನೇರ ಗೋಡೆಯ ಒಂದು ಡಬ್ಬಿಯೇ ಮಳೆಮಾಪಕ. ಪ್ರತಿದಿನ ಬೆಳಿಗ್ಗೆ 8:30ಕ್ಕೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಮಿ.ಮೀ.ಗಳಲ್ಲಿ ಅಳೆಯಿರಿ. ನಮ್ಮ ಹವಾಮಾನ ಇಲಾಖೆಯ ಮಳೆಯ ದಿನ ಶುರುವಾಗುವುದೂ ಆ ಹೊತ್ತಿಗೇ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದನ್ನು 'ಮಳೆದಿನ' ಎಂದು ಲೆಕ್ಕಕ್ಕೆ ಹಿಡಿಯಿರಿ. ಬಯಲಿನಲ್ಲಿ ಒಂದು ಕೋಲಿಗೆ ರಿಬ್ಬನ್ ಕಟ್ಟಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಾಳಿಯ ದಿಕ್ಕನ್ನು ಗುರುತಿಸಿ. ಈಗಿನ ಕೆಲವು ಮೊಬೈಲ್ ಫೋನುಗಳಲ್ಲಿ ವಾಯುಭಾರಮಾಪಕವೂ ಇದೆ. ಕಡೂರಿನ ಎತ್ತರದಲ್ಲಿ ಅದು 925 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ ಸಂಜೆ ನಾಲ್ಕರ ಸುಮಾರಿಗೆ ಕೆಲವು ಹೆಕ್ಟೊಪಾಸ್ಕಲ್ ಇಳಿಯುವುದು ಉಷ್ಣವಲಯದಲ್ಲಿ ದಿನನಿತ್ಯದ ಸಂಗತಿ. ಈ ಏರಿಳಿತವನ್ನು ಕಳೆದ ಮೇಲೆ ಉಳಿಯುವ ಇಳಿಕೆಯನ್ನಷ್ಟೇ ಹವೆಯ ಬದಲಾವಣೆಯ ಸೂಚನೆ ಎಂದು ತಿಳಿಯಬೇಕು.

ತಿಂಗಳ ಕೊನೆಗೆ ಮೂರೂ ಶಾಲೆಗಳ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆಯಿರಿ. ಮೊದಲು ಮೂರರ ಸರಾಸರಿ ತೆಗೆಯಿರಿ. ಆಮೇಲೆ ಒಂದೊಂದು ಊರಿನ ಗರಿಷ್ಠ, ಕನಿಷ್ಠ, ಮಳೆದಿನಗಳ ಸಂಖ್ಯೆ, ಎರಡು ಮಳೆದಿನಗಳ ನಡುವಿನ ಅತಿ ಉದ್ದದ ಅಂತರ ಇವನ್ನು ಬರೆಯಿರಿ. ಹಿಂದಿನ ದಿನದ ಮುನ್ಸೂಚನೆ ಎಷ್ಟು ಸಲ ಸರಿಯಾಯಿತು, ಎಷ್ಟು ಸಲ ತಪ್ಪಿತು ಎಂಬುದನ್ನೂ ಪಕ್ಕದಲ್ಲಿ ದಾಖಲಿಸಿ. ಈ ಹಾಳೆಯನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಗಳನ್ನು ಕೇಳಿ: ಮುಂದಿನ ವರ್ಷ ಅಜ್ಜಂಪುರದ ಹೊಲದಲ್ಲಿ ಯಾವ ವಾರ ಬಿತ್ತುವಿರಿ, ಮಳೆ ಹತ್ತು ದಿನ ತಡವಾದರೆ ನಿಮ್ಮ ಎರಡನೆಯ ದಾರಿ ಯಾವುದು?